ಸ್ಟ್ರೋಬ್ ಮಿಂಚಿತು, ಫೋಟೊ ಕಪ್ಪಾಯಿತು: ನೀರೊಳಗಿನ ಫ್ಲ್ಯಾಶ್ ಯಾವ ಕ್ಯಾಮೆರಾಗೆ ಆಗುತ್ತದೆ?

ಕಳೆದ ಸೀಸನ್‌ನಲ್ಲಿ ನೇತ್ರಾಣಿಯಲ್ಲಿ ನನಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮುರ್ಡೇಶ್ವರದಿಂದ ಬೆಳಿಗ್ಗೆ ದೋಣಿ ಹತ್ತಿದ್ದೆವು. ಮೊದಲ ಡೈವ್‌ನಲ್ಲೇ, ಸುಮಾರು 12 ಮೀಟರ್ ಆಳದಲ್ಲಿ, ಬಂಡೆಯ ಮಗ್ಗುಲಲ್ಲಿ ಒಂದು ನುಡಿಬ್ರಾಂಕ್ ಕಂಡಿತು. ನುಡಿಬ್ರಾಂಕ್ ಅಂದರೆ ಚಿಪ್ಪಿಲ್ಲದ ಸಮುದ್ರದ ಬಸವನಹುಳು. ಬೆರಳಿನಷ್ಟು ಉದ್ದ, ಮೈತುಂಬ ಬಣ್ಣ. ನನ್ನ ಸಣ್ಣ ಕ್ಯಾಮೆರಾ ಹೌಸಿಂಗ್ ಒಳಗಿತ್ತು, ಅಂದರೆ ನೀರು ಹೋಗದ ಪೆಟ್ಟಿಗೆಯೊಳಗೆ. ಹೌಸಿಂಗ್‌ನ ಪಕ್ಕಕ್ಕೆ ಚಾಚಿದ ತೋಳಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಸ್ಟ್ರೋಬ್ ಕೂರಿಸಿದ್ದೆ. ಕ್ಲಿಕ್ ಮಾಡಿದೆ, ಸ್ಟ್ರೋಬ್ ಪಳ್ ಅಂತ ಮಿಂಚಿತು. ಸ್ಕ್ರೀನ್ ನೋಡಿದರೆ ಬರೀ ಕಡುನೀಲಿ ಕತ್ತಲು. ಮತ್ತೆ ಕ್ಲಿಕ್ ಮಾಡಿದೆ, ಮತ್ತೆ ಅದೇ. ಹೀಗೆ ಮೂವತ್ತಕ್ಕೂ ಜಾಸ್ತಿ ಫೋಟೊ ತೆಗೆದೆ, ಒಂದರಲ್ಲೂ ಬಣ್ಣವಿಲ್ಲ.

ದೋಣಿಗೆ ವಾಪಸ್ ಬಂದ ಮೇಲೆ ಜೊತೆಗಿದ್ದ ಇನ್‌ಸ್ಟ್ರಕ್ಟರ್ ಕ್ಯಾಮೆರಾ ತೆಗೆದುಕೊಂಡು ಎರಡು ಸಲ ಒತ್ತಿ ನೋಡಿದರು. "ಸರ್, ನಿಮ್ಮ ಸ್ಟ್ರೋಬ್ ಹೊಡೀತಾ ಇದೆ. ಆದ್ರೆ ಬೇಗ ಹೊಡೀತಾ ಇದೆ" ಅಂದರು. ಸ್ಟ್ರೋಬಿನ ಹಿಂದಿದ್ದ ಒಂದು ಗುಂಡಿ ತಿರುಗಿಸಿ ಕೊಟ್ಟರು. ಎರಡನೇ ಡೈವ್‌ನಲ್ಲಿ ಎಲ್ಲ ಸರಿಯಾಯಿತು. ಆ ನುಡಿಬ್ರಾಂಕ್ ಮಾತ್ರ ಮತ್ತೆ ಸಿಗಲಿಲ್ಲ.

ಆಮೇಲಿಂದ ಡೈವಿಂಗ್ ಕಲಿತ ಗೆಳೆಯರು ಒಬ್ಬರಾದ ಮೇಲೆ ಒಬ್ಬರು ಇದೇ ಪ್ರಶ್ನೆ ಕೇಳುತ್ತಿದ್ದಾರೆ: "ಈ ಸ್ಟ್ರೋಬ್ ನನ್ನ ಕ್ಯಾಮೆರಾಗೆ ಆಗುತ್ತಾ?" ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದನ್ನು ಬುಡದಿಂದ ನೋಡೋಣ.

ನೀರೊಳಗೆ ಫ್ಲ್ಯಾಶ್ ಯಾಕೆ ಬೇಕು

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ನೀರು ಆ ಬಣ್ಣಗಳನ್ನು ಒಂದೊಂದಾಗಿ ಹೀರಿಕೊಳ್ಳುತ್ತದೆ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಉಳಿಯುವುದು ನೀಲಿ ಮತ್ತು ಹಸಿರು. ಹಣೆಗೆ ಕುಂಕುಮ ಇಟ್ಟುಕೊಂಡು 15 ಮೀಟರ್ ಇಳಿದರೆ ಅದು ಕಪ್ಪು ಬೊಟ್ಟಿನ ಹಾಗೆ ಕಾಣುತ್ತದೆ. ಕುಂಕುಮದ ಬಣ್ಣ ಎಲ್ಲೂ ಹೋಗಿಲ್ಲ, ಅದನ್ನು ತೋರಿಸುವ ಕೆಂಪು ಬೆಳಕು ಅಲ್ಲಿಗೆ ಬರುತ್ತಿಲ್ಲ, ಅಷ್ಟೆ.

ಆ ಬೆಳಕನ್ನು ನಾವೇ ಒಯ್ಯಬೇಕು. ಅದಕ್ಕೇ ಸ್ಟ್ರೋಬ್. ಸ್ಟ್ರೋಬ್ ಅಂದರೆ ನೀರು ಒಳಗೆ ಹೋಗದ ಹಾಗೆ ಮಾಡಿದ, ಕ್ಯಾಮೆರಾದಿಂದ ಹೊರಗೆ ತೋಳಿನ ಮೇಲೆ ಕೂರುವ, ಜೋರಾದ ಫ್ಲ್ಯಾಶ್.

ಕ್ಯಾಮೆರಾದಲ್ಲೇ ಫ್ಲ್ಯಾಶ್ ಇದೆಯಲ್ಲ, ಅದೇ ಸಾಕಾಗಲ್ವಾ ಅಂತ ಅನಿಸಬಹುದು. ಸಾಕಾಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿ ನೋಡಿ, ಎದುರಿಗೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತದೆ. ನೀರಿನಲ್ಲೂ ಹಾಗೇ. ಮರಳಿನ ಕಣ, ಕಣ್ಣಿಗೆ ಕಾಣದ ಜೀವಿಗಳು, ಏನೇನೋ ತೇಲುತ್ತಿರುತ್ತವೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಆ ಕಣಗಳೆಲ್ಲ ಬೆಳಗಿ ಫೋಟೊ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಬೀಳುತ್ತವೆ. ಇದಕ್ಕೆ ಡೈವರ್‌ಗಳು ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಸ್ಟ್ರೋಬನ್ನು ತೋಳಿನ ತುದಿಗೆ ಕೂರಿಸಿ ಓರೆಯಾಗಿ ಬೆಳಕು ಬಿಟ್ಟರೆ ಇದು ತುಂಬ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ದೂರದ್ದು. ಫ್ಲ್ಯಾಶಿನ ತಾಕತ್ತನ್ನು ಗೈಡ್ ನಂಬರ್‌ನಲ್ಲಿ ಹೇಳುತ್ತಾರೆ. ಗಾಳಿಯಲ್ಲಿ ಇರುವ ಗೈಡ್ ನಂಬರ್ ನೀರಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಡಬ್ಬದ ಮೇಲೆ 24 ಅಂತ ಇದ್ದರೆ ನೀರಿನಲ್ಲಿ 8 ಅಂತಲೇ ಇಟ್ಟುಕೊಳ್ಳಿ. ಅದನ್ನು ದೂರದಿಂದ ಭಾಗಿಸಿದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅನ್ನುವ ಎಫ್ ಸಂಖ್ಯೆ ಸಿಗುತ್ತದೆ. ಅಂದರೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಚುರುಕು) 100ರಲ್ಲಿ, ಅರ್ಧ ಮೀಟರ್ ದೂರದ ವಸ್ತುವಿಗೆ ಎಫ್16, ಒಂದು ಮೀಟರ್‌ಗೆ ಎಫ್8. ಎರಡು ಮೀಟರ್ ದಾಟಿದರೆ ಎಷ್ಟೇ ದೊಡ್ಡ ಸ್ಟ್ರೋಬ್ ಇದ್ದರೂ ಬಣ್ಣ ಅಷ್ಟಕ್ಕಷ್ಟೇ, ಯಾಕೆಂದರೆ ಸ್ಟ್ರೋಬಿನಿಂದ ಹೊರಟ ಬೆಳಕು ಹೋಗಿ ಬರುವ ದಾರಿಯುದ್ದಕ್ಕೂ ನೀರು ಅದರ ಕೆಂಪನ್ನೂ ಕುಡಿಯುತ್ತಲೇ ಇರುತ್ತದೆ.

ಯಾವಾಗ? ಎಷ್ಟು?

ಕ್ಯಾಮೆರಾ ಮತ್ತು ಸ್ಟ್ರೋಬ್ ನಡುವೆ ನಡೆಯುವ ಮಾತು ಇಷ್ಟೇ. ಒಂದು, ಯಾವಾಗ ಮಿಂಚಬೇಕು. ಇನ್ನೊಂದು, ಎಷ್ಟು ಬೆಳಕು ಬಿಡಬೇಕು. ಹೊಂದಾಣಿಕೆಯ ಗೊಂದಲವೆಲ್ಲ ಈ ಎರಡನ್ನು ಒಟ್ಟಿಗೆ ಸೇರಿಸಿ ಯೋಚಿಸುವುದರಿಂದಲೇ ಬರುತ್ತದೆ. ಬೇರೆ ಬೇರೆಯಾಗಿ ಕೇಳಿದರೆ ಅರ್ಧ ತಲೆನೋವು ಕಡಿಮೆ.

"ಯಾವಾಗ" ಅನ್ನುವುದು ನೀರೊಳಗಿನ ಫೋಟೊ ಶುರುವಾದಾಗಿನಿಂದ ಇರುವ ಪ್ರಶ್ನೆ. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಮೆಡಿಟರೇನಿಯನ್ ತೀರದ ಬಾನ್ಯುಲ್ಸ್‌ನಲ್ಲಿ ನೀರೊಳಗೆ ಫೋಟೊ ತೆಗೆದ. ಅವನ ಫ್ಲ್ಯಾಶ್ ಅಂದರೆ ಒಂದು ದೊಡ್ಡ ಪೀಪಾಯಿ. ಅದರ ಮೇಲೆ ಗಾಜಿನ ಗಂಟೆಯೊಳಗೆ ಉರಿಯುವ ಸ್ಪಿರಿಟ್ ದೀಪ. ರಬ್ಬರ್ ಬಲ್ಬ್ ಅದುಮಿದರೆ ಮೆಗ್ನೀಸಿಯಂ ಪುಡಿ ಆ ಉರಿಯ ಮೇಲೆ ಹಾರಿ ಭಗ್ ಅಂತ ಬೆಳಗುತ್ತಿತ್ತು. ಯಾವಾಗ ಅನ್ನುವುದನ್ನು ಅಲ್ಲಿ ಮನುಷ್ಯನ ಕೈಯೇ ಹೇಳುತ್ತಿತ್ತು. ಈಗಿನ ಸ್ಟ್ರೋಬ್‌ಗಳು ಮಿಂಚುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಷಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಪೂರ್ತಿ ತೆರೆದಿರುವ ಆ ಚೂರು ಹೊತ್ತಿನಲ್ಲೇ ಅದು ಮಿಂಚಬೇಕು. ಕೈಯಲ್ಲಿ ಆಗುವ ಕೆಲಸವಲ್ಲ.

ಒಳ್ಳೆಯ ಸುದ್ದಿ ಏನೆಂದರೆ, "ಯಾವಾಗ" ಅನ್ನುವ ಸೂಚನೆ ಬಹುತೇಕ ಎಲ್ಲ ಕಂಪನಿಗಳಿಗೂ ಒಂದೇ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇರುತ್ತದಲ್ಲ, ಅದರ ನಡುವಿನ ಒಂದು ಬಿಂದು ಹೇಳುವುದು "ಈಗ!" ಅನ್ನುವ ಒಂದೇ ಮಾತು. ಅದರ ಸುತ್ತ ಇರುವ ಉಳಿದ ಬಿಂದುಗಳು ಮಾತ್ರ ಕ್ಯಾನನ್‌ಗೆ ಒಂದು ಥರ, ನಿಕಾನ್‌ಗೆ ಇನ್ನೊಂದು ಥರ, ಸೋನಿಗೆ ಮತ್ತೊಂದು ಥರ. "ಎಷ್ಟು" ಅನ್ನುವ ಮಾತು ನಡೆಯುವುದು ಅಲ್ಲಿ. ಹಾಗಾಗಿ "ಈ ಸ್ಟ್ರೋಬ್ ಆಗುತ್ತಾ" ಅಂದಾಗ ಅಂಗಡಿಯವರು "ಆಗುತ್ತೆ" ಅಂದರೆ, ಬರೀ ಮಿಂಚುತ್ತದೆಯೋ ಅಥವಾ ಬೆಳಕಿನ ಪ್ರಮಾಣವನ್ನೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆಯೋ ಅಂತ ತಪ್ಪದೆ ಕೇಳಿ.

ತಂತಿಯಲ್ಲಿ ಹೇಳುವುದೋ, ಬೆಳಕಿನಲ್ಲಿ ಹೇಳುವುದೋ

ಸೂಚನೆ ಸ್ಟ್ರೋಬಿಗೆ ತಲುಪಲು ಎರಡು ದಾರಿ ಇವೆ.

ಹಳೆಯದು ತಂತಿ, ಅಂದರೆ ಸಿಂಕ್ ಕಾರ್ಡ್. ಕ್ಯಾಮೆರಾದ ಹಾಟ್ ಶೂನಿಂದ ಹೊರಟ ತಂತಿ ಹೌಸಿಂಗ್‌ನ ಗೋಡೆಯಲ್ಲಿ ಕೊರೆದ ತೂತಿನ ಮೂಲಕ ಹೊರಬಂದು ಸ್ಟ್ರೋಬಿಗೆ ಸೇರುತ್ತದೆ. ಇಲ್ಲಿ ಒಂದು ಹೆಸರು ಪದೇಪದೇ ಕೇಳಿಬರುತ್ತದೆ: ನಿಕಾನೋಸ್. 1963ರಲ್ಲಿ ನಿಕಾನ್ ಈ ಹೆಸರಿನ ನೀರೊಳಗಿನ ಕ್ಯಾಮೆರಾ ತಂದಿತು. ಅದಕ್ಕೂ ಮೊದಲು ಕ್ಯಾಲಿಪ್ಸೊ ಅನ್ನುವ ಹೆಸರಿನಲ್ಲಿ ಫ್ರಾನ್ಸಿನ ಸಮುದ್ರ ಸಂಶೋಧಕ ಜಾಕ್ ಕುಸ್ತೊ ಅವರ ಬಳಗದಲ್ಲಿ ಹುಟ್ಟಿದ ಕ್ಯಾಮೆರಾ ಅದು. ನಿಕಾನೋಸ್ ತಯಾರಿಕೆ 2001ರಲ್ಲಿ ನಿಂತುಹೋಯಿತು. ಆದರೆ ಅದರ 5 ಪಿನ್ ಪ್ಲಗ್ ಇವತ್ತಿಗೂ ಬೇರೆ ಬೇರೆ ಕಂಪನಿಗಳ ಹೌಸಿಂಗ್ ಮತ್ತು ಸ್ಟ್ರೋಬ್‌ಗಳಲ್ಲಿ ಇದೆ. ಐಕೆಲೈಟ್ ಕಂಪನಿಯ ಸ್ಟ್ರೋಬ್‌ಗಳಿಗೆ ಅದರದೇ ಬೇರೆ ಪ್ಲಗ್.

ಪ್ಲಗ್ ಸರಿಯಾಗಿ ಕೂತರೆ ಹೊಂದಿಕೆಯಾಯಿತು ಅಂತ ಅಂದುಕೊಳ್ಳಬೇಡಿ. ಪ್ಲಗ್ ಬರೀ ಬಾಗಿಲು, ಅಷ್ಟೆ. ಒಳಗೆ ಬಂದವರು ಯಾವ ಭಾಷೆ ಆಡುತ್ತಾರೆ ಅನ್ನುವುದು ಬೇರೆ. ಫಿಲ್ಮ್ ಕಾಲದ ಸ್ಟ್ರೋಬನ್ನು ಅದೇ 5 ಪಿನ್ ತಂತಿಯಲ್ಲಿ ಡಿಜಿಟಲ್ ಕ್ಯಾಮೆರಾಗೆ ಸೇರಿಸಿದರೆ ಅದು ಮಿಂಚಬಹುದು, ಆದರೆ ಬೆಳಕಿನ ಪ್ರಮಾಣದ ಮಾತು ಅದಕ್ಕೆ ಅರ್ಥವಾಗುವುದಿಲ್ಲ. ತುಂಬ ಹಳೆಯ ಫ್ಲ್ಯಾಶ್‌ಗಳಲ್ಲಿ ಇನ್ನೊಂದು ಅಪಾಯವೂ ಇದೆ. ಕೆಲವು ತಮ್ಮ ಟ್ರಿಗರ್ ತಂತಿಯಲ್ಲಿ ಜಾಸ್ತಿ ವೋಲ್ಟೇಜ್ ಇಟ್ಟುಕೊಂಡಿರುತ್ತವೆ. ಈಗಿನ ಕ್ಯಾಮೆರಾದ ಸೂಕ್ಷ್ಮ ಸರ್ಕ್ಯೂಟ್ ಅದನ್ನು ತಡೆದುಕೊಳ್ಳದೇ ಹೋಗಬಹುದು. ಮಲ್ಟಿಮೀಟರ್‌ನಲ್ಲಿ ಅಳೆದು, ಕ್ಯಾಮೆರಾದ ಮ್ಯಾನುವಲ್‌ನಲ್ಲಿ ಎಷ್ಟರವರೆಗೆ ಸರಿ ಅಂತ ನೋಡಿ, ಆಮೇಲೆ ಜೋಡಿಸಿ.

ತಂತಿಯ ದೊಡ್ಡ ಶತ್ರು ಉಪ್ಪುನೀರು. ಗೆಳೆಯರೊಬ್ಬರ ಕಾರ್ಡನ್ನು ಒಮ್ಮೆ ಬಿಚ್ಚಿದಾಗ ಐದು ಪಿನ್‌ಗಳಲ್ಲಿ ಎರಡು ಹಸಿರಾಗಿದ್ದವು. ಹಿತ್ತಾಳೆ ಚೊಂಬಿಗೆ ಹುಳಿ ತಾಗಿ ಕಿಲುಬು ಹಿಡಿಯುತ್ತದಲ್ಲ, ಅದೇ ಕಿಲುಬು. ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಅಡಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು, ಆ ಸಂದಿನಲ್ಲಿ ನೀರು ಒಳಗೆ ಹೋಗಿತ್ತು. ಸ್ಟ್ರೋಬ್ ತನ್ನಷ್ಟಕ್ಕೆ ತಾನೇ ಮಿಂಚುತ್ತಿತ್ತು, ಬೇಕಾದಾಗ ಮಿಂಚುತ್ತಿರಲಿಲ್ಲ.

ಎರಡನೇ ದಾರಿ ಬೆಳಕು. ಫೈಬರ್ ಆಪ್ಟಿಕ್ ಕೇಬಲ್ ಅಂದರೆ ಬೆಳಕನ್ನು ಕೊಳವೆಯಲ್ಲಿ ನೀರು ಹರಿಸಿದ ಹಾಗೆ ಒಯ್ಯುವ ಪ್ಲಾಸ್ಟಿಕ್ ಎಳೆ. ಒಂದು ತುದಿ ಹೌಸಿಂಗ್ ಹೊರಗೆ, ಕ್ಯಾಮೆರಾದ ಫ್ಲ್ಯಾಶ್ ಎದುರಿಗೆ. ಇನ್ನೊಂದು ತುದಿ ಸ್ಟ್ರೋಬಿನ ಮೇಲಿನ ಕಣ್ಣಿನ ಎದುರಿಗೆ. ಕ್ಯಾಮೆರಾ ಫ್ಲ್ಯಾಶ್ ಮಿಂಚಿದ್ದನ್ನು ಆ ಕಣ್ಣು ನೋಡುತ್ತದೆ, ಸ್ಟ್ರೋಬ್ ಮಿಂಚುತ್ತದೆ. ವಿದ್ಯುತ್ ಇಲ್ಲ, ವಿದ್ಯುತ್ ಪ್ಲಗ್ಗಿಗಾಗಿ ಹೌಸಿಂಗ್‌ನಲ್ಲಿ ತೂತು ಬೇಡ. ನೀರೊಳಗೇ ಕಿತ್ತು ಮತ್ತೆ ಸಿಕ್ಕಿಸಿದರೂ ಏನೂ ಆಗುವುದಿಲ್ಲ. ತಂತಿಯನ್ನು ಮಾತ್ರ ನೀರೊಳಗೆ ಯಾವತ್ತೂ ಬಿಚ್ಚಬೇಡಿ.

ಹೊಸದಾಗಿ ಕೊಳ್ಳುವವರಿಗೆ ನಾನು ಫೈಬರ್ ದಾರಿಯನ್ನೇ ಹೇಳುತ್ತೇನೆ. ಬ್ರ್ಯಾಂಡ್‌ಗಳ ಗೋಡೆ ಅಲ್ಲಿ ತಗ್ಗು. ಆದರೆ ಕೊಳ್ಳುವ ಮೊದಲು ಸ್ಟ್ರೋಬಿಗೆ ಕಣ್ಣು ಇದೆಯೇ ನೋಡಿ. ಐಕೆಲೈಟ್‌ನ ಹಳೆಯ ಡಿಎಸ್ ಸರಣಿಯಂಥವು ತಂತಿಯನ್ನೇ ನಂಬಿಕೊಂಡವು. ಕೇಬಲ್ ತುದಿಯ ಆಕಾರವೂ ಕಂಪನಿಗೊಂದು ಥರ ಇರುತ್ತದೆ. ಅದು ದೊಡ್ಡ ತೊಂದರೆಯಲ್ಲ, ಅಡಾಪ್ಟರ್ ಸಿಗುತ್ತವೆ. ಕೇಬಲ್ ಒಳಗೆ ಮುರಿದಿದೆಯೇ ಅಂತ ನೋಡಲು ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿ ನೋಡಿ. ಚುಕ್ಕಿ ಬೆಳ್ಳಗೆ ಹೊಳೆದರೆ ಸರಿ, ಮಂಕಾಗಿದ್ದರೆ ಎಲ್ಲೋ ಬಾಗಿ ಮುರಿದಿದೆ.

ಒಂದು ಸೀಟಿ, ಎರಡು ಸೀಟಿ

ಈಗ ನನ್ನ ಕಪ್ಪು ಫೋಟೊಗಳ ವಿಷಯ.

ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಸೀಟಿಯ ಸದ್ದು ಒಂದೇ, ಎಣಿಕೆ ಮುಖ್ಯ. ಡ್ರೈವರ್ ಮೊದಲ ಸೀಟಿಗೇ ಗಾಡಿ ಬಿಟ್ಟರೆ ಜನ ಇನ್ನೂ ಹತ್ತುತ್ತಿರುತ್ತಾರೆ.

ಡಿಜಿಟಲ್ ಕ್ಯಾಮೆರಾದ ಆಟೊ ಫ್ಲ್ಯಾಶ್ ಕೂಡ ಎರಡು ಸಲ ಮಿಂಚುತ್ತದೆ. ಮೊದಲು ಒಂದು ಸಣ್ಣ ಮಿಂಚು. ಆಗ ಷಟರ್ ಇನ್ನೂ ತೆರೆದಿರುವುದಿಲ್ಲ. ಎದುರಿನ ವಸ್ತುವಿಗೆ ಆ ಬೆಳಕು ತಾಗಿ ಎಷ್ಟು ವಾಪಸ್ ಬಂತು ಅಂತ ಕ್ಯಾಮೆರಾ ಅಳೆಯುತ್ತದೆ. ಇದು ಪ್ರೀ-ಫ್ಲ್ಯಾಶ್. ಆಮೇಲೆ ಷಟರ್ ತೆರೆದು ನಿಜವಾದ ಮಿಂಚು. ಎರಡರ ನಡುವಿನ ಹೊತ್ತು ಎಷ್ಟು ಕಡಿಮೆ ಎಂದರೆ ನಮ್ಮ ಕಣ್ಣಿಗೆ ಎರಡೂ ಸೇರಿ ಒಂದೇ ಮಿಂಚಿನ ಹಾಗೆ ಕಾಣುತ್ತದೆ.

ನನ್ನ ಸ್ಟ್ರೋಬ್ ಮ್ಯಾನುವಲ್‌ನಲ್ಲಿ (ಬೆಳಕಿನ ಪ್ರಮಾಣವನ್ನು ನಾವೇ ಕೈಯಲ್ಲಿ ಇಡುವ ಮೋಡ್), ಮೊದಲ ಮಿಂಚಿಗೇ ಹೊರಡುವ ಸೆಟ್ಟಿಂಗ್‌ನಲ್ಲಿ ಇತ್ತು. ಪ್ರೀ-ಫ್ಲ್ಯಾಶ್ ನೋಡಿದ ತಕ್ಷಣ ತನ್ನ ಬೆಳಕನ್ನೆಲ್ಲ ಖಾಲಿ ಮಾಡುತ್ತಿತ್ತು. ಷಟರ್ ತೆರೆಯುವ ಹೊತ್ತಿಗೆ ಅದು ಮತ್ತೆ ಚಾರ್ಜ್ ಆಗುತ್ತಾ ಕೂತಿರುತ್ತಿತ್ತು. ಕಣ್ಣಿಗೆ ಮಿಂಚು ಕಂಡರೂ ಫೋಟೊ ಕಪ್ಪಾಗಿದ್ದು ಅದಕ್ಕೇ.

ತುಂಬ ಸ್ಟ್ರೋಬ್‌ಗಳಲ್ಲಿ ಇದಕ್ಕೆಂದೇ ಒಂದು ಸ್ವಿಚ್ ಇರುತ್ತದೆ. ಸೀ ಆ್ಯಂಡ್ ಸೀ ಕಂಪನಿಯ ಕೆಲವು ಮಾದರಿಗಳಲ್ಲಿ ಒಂದು ಮಿಂಚಿನ ಚಿತ್ರ, ಎರಡು ಮಿಂಚಿನ ಚಿತ್ರ ಅಂತ ಗುರುತುಗಳಿವೆ. ಎರಡು ಮಿಂಚಿನ ಗುರುತಿಗೆ ತಿರುಗಿಸಿದರೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಇದರ ಉಲ್ಟಾ ತಪ್ಪೂ ಆಗುತ್ತದೆ. ಕ್ಯಾಮೆರಾ ಫ್ಲ್ಯಾಶನ್ನು ಮ್ಯಾನುವಲ್‌ಗೆ ಹಾಕಿದರೆ ಸಾಮಾನ್ಯವಾಗಿ ಪ್ರೀ-ಫ್ಲ್ಯಾಶ್ ಇರುವುದಿಲ್ಲ, ಮಿಂಚು ಒಂದೇ. ಸ್ಟ್ರೋಬ್ ಎರಡನೆಯದಕ್ಕೆ ಕಾಯುತ್ತಾ ಸುಮ್ನೆ ಕೂರುತ್ತದೆ.

ಫೋಟೊದಲ್ಲಿ ಕಣ್ಣು ಕೆಂಪಾಗದಿರಲು ಇರುವ ರೆಡ್-ಐ ಮೋಡನ್ನು ಮಾತ್ರ ಮೊದಲು ಆಫ್ ಮಾಡಿ. ಅದು ಇನ್ನೂ ಕೆಲವು ಮಿಂಚುಗಳನ್ನು ಸೇರಿಸಿ ಎಣಿಕೆಯನ್ನೇ ಕೆಡಿಸುತ್ತದೆ. ಕ್ಯಾಮೆರಾದಲ್ಲಿ ಮ್ಯಾನುವಲ್ ಫ್ಲ್ಯಾಶ್ ಸೌಲಭ್ಯ ಇದ್ದರೆ ಅದನ್ನು ಅತಿ ಕಡಿಮೆ ಶಕ್ತಿಗೆ, 1/64ರಂಥದ್ದಕ್ಕೆ ಇಡಿ. ಸ್ಟ್ರೋಬಿಗೆ ಸನ್ನೆ ಮಾಡಲು ಅಷ್ಟು ಬೆಳಕು ಸಾಕು. ಬ್ಯಾಟರಿ ಉಳಿಯುತ್ತದೆ, ಹೌಸಿಂಗ್ ಒಳಗೆ ಬಿಸಿ ಏರುವುದಿಲ್ಲ, ಮುಂದಿನ ಕ್ಲಿಕ್‌ಗೆ ಕಾಯಬೇಕಾಗಿಲ್ಲ.

ಟಿಟಿಎಲ್ ಅಂದರೆ ಏನು, ಅದೇಕೆ ಇಷ್ಟು ತಕರಾರು

ಟಿಟಿಎಲ್ ಅಂದರೆ ಲೆನ್ಸ್ ಮೂಲಕ ಬಂದ ಬೆಳಕನ್ನೇ ಅಳೆದು ಎಷ್ಟು ಫ್ಲ್ಯಾಶ್ ಬೇಕು ಅಂತ ಕ್ಯಾಮೆರಾ ತೀರ್ಮಾನಿಸುವುದು. ಇದನ್ನು ಮದುವೆ ಮನೆಯ ಪಂಕ್ತಿ ಊಟದಲ್ಲಿ ಇಟ್ಟು ನೋಡೋಣ.

ಫಿಲ್ಮ್ ಕಾಲದಲ್ಲಿ, 1984ರ ನಿಕಾನೋಸ್ 5ರಂಥ ಕ್ಯಾಮೆರಾದಲ್ಲಿ, ಬಡಿಸುವವರು ಸಾರು ಸುರಿಯಲು ಶುರು ಮಾಡುತ್ತಿದ್ದರು, ಎಲೆ ಮುಂದೆ ಕೂತವರು ಕೈ ಅಡ್ಡ ಹಿಡಿದು "ಸಾಕು" ಅನ್ನುತ್ತಿದ್ದರು. ಸ್ಟ್ರೋಬ್ ಮಿಂಚಲು ಶುರುವಾದ ಮೇಲೆ ಬೆಳಕು ಫಿಲ್ಮಿಗೆ ತಾಗಿ ಪುಟಿಯುತ್ತಿತ್ತು, ಕ್ಯಾಮೆರಾ ಒಳಗಿನ ಸೆನ್ಸರ್ ಅದನ್ನು ನೋಡಿ ನಿಲ್ಲಿಸು ಅನ್ನುತ್ತಿತ್ತು. ಸರಳ ಮಾತು, ಒಂದು ತಂತಿ ಸಾಕು.

ಡಿಜಿಟಲ್ ಸೆನ್ಸರ್ ಫಿಲ್ಮಿನ ಹಾಗೆ ಬೆಳಕನ್ನು ಪುಟಿಸುವುದಿಲ್ಲ. ಹಾಗಾಗಿ ಪದ್ಧತಿ ಬದಲಾಯಿತು. ಈಗ ಮೊದಲು ಒಂದು ಚಮಚ ಹಾಕಿಸಿಕೊಂಡು ರುಚಿ ನೋಡಿ, "ಒಂದೂವರೆ ಸೌಟು ಹಾಕಿ" ಅಂತ ಮುಂಚೆಯೇ ಹೇಳುತ್ತಾರೆ. ಆ ಚಮಚವೇ ಪ್ರೀ-ಫ್ಲ್ಯಾಶ್. ಒಂದೂವರೆ ಸೌಟು ಅನ್ನುವುದನ್ನು ಹೇಳುವ ಭಾಷೆ ಮಾತ್ರ ಕಂಪನಿಗೊಂದು. ಕ್ಯಾನನ್‌ನದು ಇ-ಟಿಟಿಎಲ್, 1995ರಲ್ಲಿ ಬಂದದ್ದು. ನಿಕಾನ್‌ನದು ಐ-ಟಿಟಿಎಲ್, 2003ರದ್ದು. ಸೋನಿ, ಒಲಿಂಪಸ್, ಪ್ಯಾನಾಸೋನಿಕ್ ಎಲ್ಲರಿಗೂ ಅವರವರದು. ತಂತಿಯಲ್ಲಿ ಟಿಟಿಎಲ್ ಬೇಕೆಂದರೆ ಹೌಸಿಂಗ್ ಒಳಗೆ ದುಭಾಷಿ ಕೂರಬೇಕು. ಅದಕ್ಕೆ ಟಿಟಿಎಲ್ ಕನ್ವರ್ಟರ್ ಅನ್ನುತ್ತಾರೆ. ನಿಮ್ಮ ಕ್ಯಾಮೆರಾದ ಭಾಷೆಯೂ ಅದಕ್ಕೆ ಬರಬೇಕು, ನಿಮ್ಮ ಸ್ಟ್ರೋಬಿನ ಸ್ವಭಾವವೂ ಗೊತ್ತಿರಬೇಕು. ಕೆಲವು ಕನ್ವರ್ಟರ್‌ಗಳಲ್ಲಿ ಸ್ಟ್ರೋಬಿನ ಮಾದರಿ ಆರಿಸಲು ಒಂದು ಪುಟ್ಟ ತಿರುಗುಗುಂಡಿ ಇರುತ್ತದೆ. ಅದು ತಪ್ಪು ಅಂಕಿಯ ಮೇಲಿದ್ದರೆ ಎಲ್ಲ ಫೋಟೊ ಬೆಳ್ಳಗೆ ಬೆಂದುಹೋಗುತ್ತವೆ, ಇಲ್ಲವೇ ಮಬ್ಬಾಗುತ್ತವೆ.

ಫೈಬರ್‌ನಲ್ಲಿ ಇದಕ್ಕೆ ಒಂದು ಜಾಣ ಉಪಾಯ ಇದೆ. ಪಂಕ್ತಿಯಲ್ಲಿ ಪಕ್ಕದ ಸಾಲಿನಲ್ಲಿ ಬಡಿಸುವ ಹುಡುಗನಿಗೆ ಯಾರ ಮಾತೂ ಕೇಳಿಸುತ್ತಿಲ್ಲ ಅಂತ ಇಟ್ಟುಕೊಳ್ಳಿ. ಅವನು ಮೊದಲ ಸಾಲಿನವರ ಸೌಟನ್ನೇ ನೋಡುತ್ತಾನೆ. ಅವರು ಸುರಿದಾಗ ಸುರಿಯುತ್ತಾನೆ, ನಿಲ್ಲಿಸಿದಾಗ ನಿಲ್ಲಿಸುತ್ತಾನೆ. ಸ್ಟ್ರೋಬ್ ಕೂಡ ಕ್ಯಾಮೆರಾ ಫ್ಲ್ಯಾಶನ್ನು ಹೀಗೇ ಅನುಸರಿಸುತ್ತದೆ, ಪ್ರೀ-ಫ್ಲ್ಯಾಶನ್ನೂ ಸೇರಿಸಿ. ಇನಾನ್ ಕಂಪನಿ ಇದಕ್ಕೆ ಎಸ್-ಟಿಟಿಎಲ್ ಅನ್ನುತ್ತದೆ, ಸೀ ಆ್ಯಂಡ್ ಸೀ ಡಿಎಸ್-ಟಿಟಿಎಲ್ ಅನ್ನುತ್ತದೆ. ಭಾಷೆ ಗೊತ್ತಿಲ್ಲದೆಯೂ ಕೆಲಸ ಆಗುವುದರಿಂದ ಬೇರೆ ಬೇರೆ ಬ್ರ್ಯಾಂಡಿನ ಕ್ಯಾಮೆರಾಗಳ ಜೊತೆ ಇದು ಚೆನ್ನಾಗಿ ನಡೆಯುತ್ತದೆ. ಒಂದೇ ಷರತ್ತು, ಕ್ಯಾಮೆರಾದಲ್ಲಿ ನಿಜವಾದ ಫ್ಲ್ಯಾಶ್ ಇರಬೇಕು, ಅದೂ ಟಿಟಿಎಲ್‌ನಲ್ಲೇ ಇರಬೇಕು.

ಒಲಿಂಪಸ್‌ನಲ್ಲಿ ಇನ್ನೊಂದು ಬಗೆ ಇದೆ, ಆರ್‌ಸಿ ಮೋಡ್. ಇಲ್ಲಿ ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಬೆಳಕನ್ನೇ ಸಂಕೇತವಾಗಿ ಕಳಿಸುತ್ತದೆ, ಟೆಲಿಗ್ರಾಫಿನ ಕಟ-ಕಟ ಸದ್ದಿನ ಹಾಗೆ. ಒಲಿಂಪಸ್‌ನದೇ ಯುಎಫ್‌ಎಲ್-3ರಂಥ, ಆ ಸಂಕೇತ ಬಲ್ಲ ಸ್ಟ್ರೋಬ್ ಇದ್ದರೆ ಒಳ್ಳೆಯದೇ. ಟಿಜಿ ಸರಣಿಯ ಕ್ಯಾಮೆರಾ ಇರುವವರು ಆರ್‌ಸಿ ಗೊತ್ತಿಲ್ಲದ ಸ್ಟ್ರೋಬ್ ಕೊಂಡಿದ್ದರೆ ಆ ಮೋಡ್ ಆಫ್ ಇದೆಯೇ ಅಂತ ಮೊದಲು ನೋಡಿಕೊಳ್ಳಿ.

ಟಿಟಿಎಲ್ ಇಲ್ಲದಿದ್ದರೆ ಫೋಟೊ ತೆಗೆಯಲು ಆಗುವುದೇ ಇಲ್ವಾ? ಖಂಡಿತ ಆಗುತ್ತದೆ. ನೀರೊಳಗೆ ನಾವು ಹೆಚ್ಚಾಗಿ ಒಂದೇ ದೂರದಿಂದ, ಅರ್ಧ ಮೀಟರ್ ಒಂದು ಮೀಟರ್‌ನಿಂದ ತೆಗೆಯುತ್ತೇವೆ. ಒಂದು ಫೋಟೊ ತೆಗೆದು, ಜಾಸ್ತಿಯಾದರೆ ಸ್ಟ್ರೋಬಿನ ಗುಂಡಿಯನ್ನು ಒಂದು ಮೆಟ್ಟಿಲು ಇಳಿಸಿ, ಕಡಿಮೆಯಾದರೆ ಏರಿಸಿ. ಮೂರು ಡೈವ್ ಮಾಡುವಷ್ಟರಲ್ಲಿ ಕೈಗೆ ಅಂದಾಜು ಬರುತ್ತದೆ. ಟಿಟಿಎಲ್ ಹೊಂದುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಸ್ಟ್ರೋಬನ್ನು ಬಿಟ್ಟುಕೊಡಬೇಡಿ ಅನ್ನುವುದು ನನ್ನ ಮಾತು.

ಕ್ಯಾಮೆರಾದಲ್ಲಿ ಫ್ಲ್ಯಾಶೇ ಇಲ್ಲದಿದ್ದರೆ

ಸೋನಿ ಎ7 ಸರಣಿ, ಕ್ಯಾನನ್ ಆರ್5, ನಿಕಾನ್ ಝಡ್6 ಇಂಥ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಮೇಲಕ್ಕೆ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶ್ ಇಲ್ಲ. ಫೈಬರ್‌ಗೆ ಸನ್ನೆ ಮಾಡುವವರು ಯಾರು ಹಾಗಾದರೆ?

ಇದಕ್ಕೆ ಎಲ್‌ಇಡಿ ಟ್ರಿಗರ್ ಇದೆ. ಹಾಟ್ ಶೂ ಮೇಲೆ ಕೂರುವ ಸಣ್ಣ ಸರ್ಕ್ಯೂಟ್. ಕ್ಯಾಮೆರಾ "ಈಗ!" ಅಂದ ಕೂಡಲೇ ಅದರ ಎಲ್‌ಇಡಿ ಚಕ್ ಅಂತ ಹೊಳೆಯುತ್ತದೆ, ಫೈಬರ್ ಅದನ್ನು ಸ್ಟ್ರೋಬಿಗೆ ಒಯ್ಯುತ್ತದೆ. ಫ್ಲ್ಯಾಶಿನ ಹಾಗೆ ಚಾರ್ಜ್ ಆಗುವವರೆಗೆ ಕಾಯಬೇಕಿಲ್ಲ, ಹಾಗಾಗಿ ಬೇಗ ಬೇಗ ಕ್ಲಿಕ್ ಮಾಡಬಹುದು. ಸಾದಾ ಟ್ರಿಗರ್ ಒಂದೇ ಸಲ ಹೊಳೆಯುತ್ತದೆ, ಪ್ರೀ-ಫ್ಲ್ಯಾಶ್ ಇಲ್ಲ. ಹಾಗಾಗಿ ಸ್ಟ್ರೋಬ್ ಒಂದು ಮಿಂಚಿನ ಸೆಟ್ಟಿಂಗ್‌ನಲ್ಲಿ, ಮ್ಯಾನುವಲ್‌ನಲ್ಲಿ ಇರಬೇಕು. ಟಿಟಿಎಲ್ ಬೇಕಾದರೆ ನಿಮ್ಮ ಕ್ಯಾಮೆರಾ ಬ್ರ್ಯಾಂಡಿಗೆಂದೇ ಮಾಡಿದ ಟಿಟಿಎಲ್ ಟ್ರಿಗರ್ ಬೇಕು. ಬರೀ ಟಿಟಿಎಲ್‌ನಲ್ಲೇ ನಡೆಯುವ, ಮ್ಯಾನುವಲ್ ಗುಂಡಿಯೇ ಇಲ್ಲದ ಸಣ್ಣ ಸ್ಟ್ರೋಬ್‌ಗಳು ಕೆಲವಿವೆ. ಅವನ್ನು ಸಾದಾ ಟ್ರಿಗರ್ ಜೊತೆ ಸೇರಿಸಲು ಹೋಗಬೇಡಿ.

ಎಲ್‌ಇಡಿ ಬೆಳಕು ಫ್ಲ್ಯಾಶಿನಷ್ಟು ಜೋರಿರುವುದಿಲ್ಲ. ಕೆಲವು ಸ್ಟ್ರೋಬ್‌ಗಳ ಕಣ್ಣು ಚುರುಕು, ಕೆಲವು ಮಂದ. ತೆಳ್ಳಗಿನ ಅಗ್ಗದ ಫೈಬರ್ ಇದ್ದರೆ ದಾರಿಯಲ್ಲೇ ಬೆಳಕು ಸೋರಿ, ಮಂದ ಕಣ್ಣಿನ ಸ್ಟ್ರೋಬ್ ಆಗೊಮ್ಮೆ ಈಗೊಮ್ಮೆ ಮಾತ್ರ ಮಿಂಚುತ್ತದೆ. ನೂರಾರು ಸಣ್ಣ ಎಳೆ ಸೇರಿಸಿ ಮಾಡಿದ ಮಲ್ಟಿಕೋರ್ ಕೇಬಲ್ ಹಾಕಿದರೆ ಎಷ್ಟೋ ಸಲ ಇದು ಸರಿಹೋಗುತ್ತದೆ.

ಮಿರರ್‌ಲೆಸ್‌ನಲ್ಲಿ ಹೊಸಬರನ್ನು ಕಂಗೆಡಿಸುವುದು ಇನ್ನೊಂದಿದೆ. ಎಫ್11, 1/200 ಅಂತ ಮ್ಯಾನುವಲ್ ಸೆಟ್ಟಿಂಗ್ ಹಾಕಿದ ತಕ್ಷಣ ಸ್ಕ್ರೀನ್ ಕಪ್ಪಾಗುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಸ್ಟ್ರೋಬ್ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ, ಬರೀ ಆಳದ ಬೆಳಕಿನಲ್ಲಿ ಫೋಟೊ ಹೇಗೆ ಬರುತ್ತದೋ ಅದನ್ನೇ ತೋರಿಸುತ್ತಿದೆ. ಎಕ್ಸ್‌ಪೋಶರ್ ಸಿಮ್ಯುಲೇಶನ್ ಅಥವಾ ಸೆಟ್ಟಿಂಗ್ ಎಫೆಕ್ಟ್ ಅನ್ನುವ ಮೆನು ಆಫ್ ಮಾಡಿದರೆ ಸ್ಕ್ರೀನ್ ಬೆಳಗುತ್ತದೆ.

ಷಟರ್ ಒಪ್ಪಬೇಕು: ಗೋಪ್ರೊ, ಫೋನ್ ಇರುವವರು ಇದನ್ನು ಓದಿ

ದೊಡ್ಡ ಕ್ಯಾಮೆರಾಗಳ ಷಟರ್ ಅಂದರೆ ಎರಡು ಪರದೆ. ಒಂದು ಸರಿದು ಸೆನ್ಸರ್ ತೆರೆಯುತ್ತದೆ, ಇನ್ನೊಂದು ಹಿಂದೆ ಬಂದು ಮುಚ್ಚುತ್ತದೆ. ವೇಗ ಜಾಸ್ತಿಯಾದಾಗ ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಆಗ ಸೆನ್ಸರ್ ಯಾವತ್ತೂ ಪೂರ್ತಿ ತೆರೆದಿರುವುದಿಲ್ಲ, ಒಂದು ಸೀಳು ಮಾತ್ರ ಸರಿದು ಹೋಗುತ್ತದೆ. ಆ ಕ್ಷಣ ಸ್ಟ್ರೋಬ್ ಮಿಂಚಿದರೆ ಸೀಳಿನಷ್ಟು ಭಾಗ ಬೆಳಗಿ, ಉಳಿದದ್ದು ಕಪ್ಪು ಪಟ್ಟಿ. ಹಾಗಾಗಿ ಒಂದು ಮಿತಿ ಇದೆ, ಅದಕ್ಕೆ ಸಿಂಕ್ ಸ್ಪೀಡ್ ಅನ್ನುತ್ತಾರೆ. ಸಾಮಾನ್ಯವಾಗಿ 1/160ರಿಂದ 1/250 ಸೆಕೆಂಡ್. ಸೋನಿ ಆರ್‌ಎಕ್ಸ್100ರಂಥ ಸಣ್ಣ ಕ್ಯಾಮೆರಾಗಳ ಷಟರ್ ಲೆನ್ಸ್ ಒಳಗೇ ಇರುವುದರಿಂದ ಅವು 1/2000ದವರೆಗೂ ಹೋಗುತ್ತವೆ. ಬಿಸಿಲಿನ ಕಿರಣಗಳನ್ನು ಹಿನ್ನೆಲೆಯಲ್ಲಿ ಹಿಡಿಯಲು ಇದು ದೊಡ್ಡ ಅನುಕೂಲ. ದೊಡ್ಡ ಕ್ಯಾಮೆರಾದಲ್ಲಿ ಅಷ್ಟು ವೇಗ ಬೇಕೆಂದರೆ ಹೈ ಸ್ಪೀಡ್ ಸಿಂಕ್ ಬಲ್ಲ ಸ್ಟ್ರೋಬೂ ಬೇಕು, ಟ್ರಿಗರ್ರೂ ಬೇಕು.

ಮಿರರ್‌ಲೆಸ್‌ನಲ್ಲಿ ಸೈಲೆಂಟ್ ಷಟರ್ ಆನ್ ಇದ್ದರೆ ತುಂಬ ಮಾದರಿಗಳಲ್ಲಿ ಫ್ಲ್ಯಾಶ್ ಸೂಚನೆಯೇ ಹೋಗುವುದಿಲ್ಲ. ಸೆನ್ಸರ್ ಸಾಲು ಸಾಲಾಗಿ ನಿಧಾನಕ್ಕೆ ಓದುವುದು ಇದಕ್ಕೆ ಕಾರಣ. ಬೇಗ ಓದುವ ಸೆನ್ಸರ್‌ಗೆ ಈ ತೊಂದರೆ ಇಲ್ಲ. 2021ರ ನಿಕಾನ್ ಝಡ್9ರಲ್ಲಿ ಪರದೆ ಷಟರ್ ಇಲ್ಲವೇ ಇಲ್ಲ, ಆದರೂ ಫ್ಲ್ಯಾಶ್ ನಡೆಯುತ್ತದೆ.

ಗೋಪ್ರೊಗೆ ಮತ್ತು ಹೌಸಿಂಗ್‌ನಲ್ಲಿ ಹಾಕಿದ ಮಾಮೂಲಿ ಫೋನಿಗೆ ಸ್ಟ್ರೋಬ್ ಆಗುವುದಿಲ್ಲ. ಫೋನಿನ ಫ್ಲ್ಯಾಶ್ ಅಂದರೆ ಸ್ವಲ್ಪ ಹೊತ್ತು ಉರಿಯುವ ಎಲ್‌ಇಡಿ ಟಾರ್ಚ್, ಗೋಪ್ರೊದಲ್ಲಿ ಫ್ಲ್ಯಾಶೇ ಇಲ್ಲ. ಇವುಗಳಿಗೆ ಸದಾ ಉರಿಯುವ ವಿಡಿಯೋ ಲೈಟ್ ಕೊಳ್ಳಿ, ಸ್ಟ್ರೋಬಿಗೆ ಹಣ ಹಾಕಬೇಡಿ.

ಹೊರಡುವ ಮೊದಲು ಕನ್ನಡಿ ಮುಂದೆ

ಈಗ ನಾನು ಮುರ್ಡೇಶ್ವರಕ್ಕೆ ಹೊರಡುವ ಹಿಂದಿನ ರಾತ್ರಿ ತಪ್ಪದೆ ಒಂದು ಕೆಲಸ ಮಾಡುತ್ತೇನೆ. ಕ್ಯಾಮೆರಾವನ್ನು ಹೌಸಿಂಗ್‌ಗೆ ಹಾಕಿ, ಸ್ಟ್ರೋಬ್, ಕೇಬಲ್ ಎಲ್ಲ ಡೈವ್‌ಗೆ ಹೇಗೋ ಹಾಗೇ ಜೋಡಿಸಿ, ಸ್ನಾನದ ಮನೆಯ ಕನ್ನಡಿ ಎದುರು ನಿಲ್ಲುತ್ತೇನೆ. ದೀಪ ಆರಿಸಿ, ಸ್ಟ್ರೋಬ್ ಚೌಕಟ್ಟಿನಲ್ಲಿ ಬರುವ ಹಾಗೆ ಕನ್ನಡಿಯ ಫೋಟೊ ತೆಗೆಯುತ್ತೇನೆ. ಸ್ಟ್ರೋಬನ್ನು ಕಡಿಮೆ ಶಕ್ತಿಯಲ್ಲಿ ಇಡಿ, ಗಾಳಿಯಲ್ಲಿ ಫುಲ್ ಪವರ್‌ನಲ್ಲಿ ಪದೇಪದೇ ಹೊಡೆದರೆ ಅದು ಬಿಸಿಯಾಗುತ್ತದೆ.

ಫೋಟೊದಲ್ಲಿ ಸ್ಟ್ರೋಬಿನ ಮುಖ ಬೆಳ್ಳಗೆ ಉರಿಯುತ್ತಿರುವ ಹಾಗೆ ಕಂಡರೆ ಅದು ಸರಿಯಾದ ಹೊತ್ತಿಗೇ ಮಿಂಚಿದೆ. ಕಣ್ಣಿಗೆ ಮಿಂಚು ಕಂಡು ಫೋಟೊದಲ್ಲಿ ಮುಖ ಕಪ್ಪಾಗಿದ್ದರೆ ಪ್ರೀ-ಫ್ಲ್ಯಾಶ್ ಸ್ವಿಚ್ ತಿರುಗಿಸಿ ಮತ್ತೆ ತೆಗೆಯಿರಿ. ಮಿಂಚೇ ಬರದಿದ್ದರೆ ಕ್ಯಾಮೆರಾ ಕಡೆಯಿಂದ ಒಂದೊಂದೇ ಕೊಂಡಿ ನೋಡುತ್ತಾ ಬನ್ನಿ. ಮೊದಲು ಫ್ಲ್ಯಾಶ್ ಆನ್ ಇದೆಯೇ, ಸೈಲೆಂಟ್ ಷಟರ್ ಆಫ್ ಇದೆಯೇ. ಆಮೇಲೆ ಟ್ರಿಗರ್‌ನ ಬ್ಯಾಟರಿ. ಆಮೇಲೆ ಫೈಬರಿನ ತುದಿ ಸ್ಟ್ರೋಬಿನ ಕಣ್ಣಿನ ಎದುರಿಗೇ ಕೂತಿದೆಯೇ. ಕೊನೆಗೆ ಸ್ಟ್ರೋಬಿನ ಬ್ಯಾಟರಿ. ಫೋಟೊದಲ್ಲಿ ಅರ್ಧ ಬೆಳಗಿ ಅರ್ಧಕ್ಕೆ ಕಪ್ಪು ಪಟ್ಟಿ ಬಂದಿದ್ದರೆ ಷಟರ್ ವೇಗವನ್ನು 1/125ಕ್ಕೆ ಇಳಿಸಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಿ. ಪಟ್ಟಿ ಮತ್ತೆ ಯಾವ ವೇಗದಲ್ಲಿ ಕಾಣಿಸುತ್ತದೋ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಒಂದು ಚೀಟಿಯಲ್ಲಿ ಬರೆದು ಹೌಸಿಂಗ್‌ನ ಹಿಂಬದಿಗೆ ಅಂಟಿಸಿಕೊಳ್ಳಿ.